ಅಮ್ಮನ ಹೆಸರಿಗೆ ಕೆಂಪು

ನಮ್ಮೂರ ಚೀನೀ ಸ್ಮಶಾನವನ್ನು ಮೂರು ತಲೆಮಾರಿನಿಂದ ನಮ್ಮ ಮನೆಯವರೇ ನೋಡಿಕೊಂಡು ಬಂದಿದ್ದೇವೆ. ತಾತ ಹುಲ್ಲು ಕೊಚ್ಚಿದ, ಅಪ್ಪ ಅಕ್ಷರ ತುಂಬಿದ, ನಾನು ಊರವರ ಕೈಲಿ ಬೈಸಿಕೊಂಡೆ. ಗೇಟಿನ ಪಕ್ಕದ ಎರಡು ಕೋಣೆಯ ಮನೆ ಕೆಲಸಕ್ಕೆ ಅಂಟಿಕೊಂಡೇ ಬಂದದ್ದು. ಕೆಲಸ ಹೋದರೆ ಮನೆಯೂ ಹೋಯಿತು.

ಏಪ್ರಿಲಿನ ಚೆಂಗ್ ಬೆಂಗ್ ಹಬ್ಬಕ್ಕೆ ಮನೆಮಂದಿಯೆಲ್ಲ ತಮ್ಮ ಹಿರಿಯರ ಗೋರಿಗೆ ಬರುತ್ತಾರೆ. ಅಷ್ಟರೊಳಗೆ ಆರುನೂರು ಕಲ್ಲುಗಳ ಅಕ್ಷರಕ್ಕೆ ಹೊಸ ಬಣ್ಣ ತುಂಬಬೇಕು. ಸತ್ತವರ ಹೆಸರಿಗೆ ಬಂಗಾರದ ಬಣ್ಣ. ಗಂಡನೋ ಹೆಂಡತಿಯೋ ಉಳಿದಿದ್ದರೆ ಅವರ ಹೆಸರನ್ನೂ ಪಕ್ಕದಲ್ಲೇ ಕೆತ್ತಿಸಿರುತ್ತಾರೆ. ಅದಕ್ಕೆ ಕೆಂಪು, ಅಂದರೆ ಇನ್ನೂ ಇದ್ದಾರೆ ಎಂದು. ಚಿಕ್ಕವಳಿದ್ದಾಗ ನಾನು ಎರಡೂ ಡಬ್ಬಿ ಹಿಡಿದು ಅಪ್ಪನ ಹಿಂದೆ ಅಲೆಯುತ್ತಿದ್ದೆ. ಒಮ್ಮೆ ಕೆಂಪಿನ ಕುಂಚವನ್ನು ಬಂಗಾರಕ್ಕೆ ಅದ್ದಿದೆ, ಕೆನ್ನೆಗೆ ಸರಿಯಾಗಿ ಬಿತ್ತು. ಅಮ್ಮ ಬುತ್ತಿ ತಂದು ಯಾರದೋ ಗೋರಿಯ ಕಟ್ಟೆಯ ಮೇಲೆ ಬಿಚ್ಚಿ, "ಏಳ್ರೀ, ಇವ್ರೆಲ್ಲ ಎಲ್ಲೂ ಓಡಿಹೋಗಲ್ಲ, ಅನ್ನ ಆರಿಹೋಗುತ್ತೆ" ಎಂದು ಗದರುತ್ತಿದ್ದಳು.

ಅಮ್ಮ ಹೋಗಿ ಹನ್ನೊಂದು ವರ್ಷ. ಅವಳ ಹೆಸರಿಗೆ ಬಂಗಾರ ತುಂಬಿದ್ದು ಅಪ್ಪನೇ. ಈಗ ಅಪ್ಪನಿಗೆ ಮರೆವು. ಈ ಸಲ ಹಬ್ಬಕ್ಕೆ ಹತ್ತು ದಿನವಿರುವಾಗ ನೋಡುತ್ತೇನೆ, ಅಮ್ಮನ ಹೆಸರು ಕೆಂಪಗಿದೆ!

ಸ್ಮಶಾನ ಸಮಿತಿಯ ಮುಖ್ಯಸ್ಥ ಖೂ ಅಂಕಲ್ ಕಣ್ಣಿಗೂ ಅದು ಬಿತ್ತು. ಅಪ್ಪನ ಬಾಲ್ಯದ ಗೆಳೆಯನೇ ಆತ. ನನ್ನನ್ನು ಪಕ್ಕಕ್ಕೆ ಕರೆದ.

"ನೋಡು ಗಾಯಿಕ್, ಇವತ್ತು ತನ್ನ ಹೆಂಡ್ತಿದು, ನಾಳೆ ಯಾರದೋ. ಬದುಕಿರೋರ ಹೆಸ್ರಿಗೆ ಬಂಗಾರ ಬಳಿದುಬಿಟ್ರೆ ಊರೋರು ನನ್ನ ಸುಮ್ನೆ ಬಿಡ್ತಾರಾ? ಹಬ್ಬದ ದಿನ ಒಂದೇ ಒಂದು ಹೆಸ್ರು ತಪ್ಪಿದ್ರೂ ಬೇರೆಯವ್ರನ್ನ ಇಡ್ತೀವಿ."

"ತಪ್ಪೋದಿಲ್ಲ ಅಂಕಲ್, ನಾನಿದೀನಲ್ಲ" ಎಂದೆ. ದೊಡ್ಡ ಮಾತು.

ಅಪ್ಪ ಬೆಳಿಗ್ಗೆ ಕೆಂಪು ತುಂಬುವುದು, ಮಧ್ಯಾಹ್ನ ಅವನು ಮಲಗಿದಾಗ ನಾನು ಹೋಗಿ ಬಂಗಾರ ತುಂಬುವುದು. ಕುಂಚ ಬಚ್ಚಿಟ್ಟರೆ ಬೆರಳಲ್ಲೇ ಬಳಿದ. ಐದನೆಯ ದಿನ ಸಿಕ್ಕಿಬಿದ್ದೆ.

"ಏಯ್! ಬದುಕಿರೋಳಿಗೆ ಬಂಗಾರ ಹಚ್ತೀಯಾ? ಹೆತ್ತ ತಾಯಿಗೆ? ನಾಚಿಕೆ ಆಗಲ್ವೇನೇ ನಿಂಗೆ?"

ಬಿಸಿಲು, ಬೆವರು, ಐದು ದಿನದ ಸಿಟ್ಟು. "ಅಮ್ಮ ಸತ್ತು ಹನ್ನೊಂದು ವರ್ಷ ಆಯ್ತಪ್ಪಾ!" ಎಂದು ಕಿರುಚಿಬಿಟ್ಟೆ.

ಅಪ್ಪ ಅಲ್ಲೇ ಮಣ್ಣಲ್ಲಿ ಕುಸಿದು ಕುಳಿತ. "ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದ. ಆಮೇಲೆ ಅತ್ತ. ಹನ್ನೊಂದು ವರ್ಷದ ಹಿಂದೆ ಹೇಗೆ ಅತ್ತಿದ್ದನೋ ಹಾಗೇ, ಒಂದು ಹನಿ ಕಮ್ಮಿಯಿಲ್ಲ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು ಅನ್ನಿಸಿತು.

ಮರುದಿನ ಎಲ್ಲ ಮರೆತಿತ್ತು. ಹೆಸರು ಮತ್ತೆ ಕೆಂಪು. ಅದಾದ ಮೇಲೂ ಎರಡು ಸಲ ಸಿಕ್ಕಿಬಿದ್ದೆ. ಎರಡು ಸಲವೂ ಅವನಿಗೆ ಅಮ್ಮ ಆಗತಾನೇ ಸತ್ತಳು.

ಹಬ್ಬದ ಬೆಳಿಗ್ಗೆ ಕಲ್ಲಿನ ಮುಂದೆ ಬಂಗಾರದ ಡಬ್ಬಿ ಹಿಡಿದು ನಿಂತೆ. ಗೇಟಿನಲ್ಲಿ ಕಾರುಗಳು ಬರತೊಡಗಿದ್ದವು. ಅಪ್ಪ ಕಟ್ಟೆಯ ಮೇಲೆ ಕುಳಿತು ಕಾಲಾಡಿಸುತ್ತ ನನ್ನನ್ನೇ ನೋಡುತ್ತಿದ್ದ. ಒಂದೇ ಹೆಸರು, ಐದು ನಿಮಿಷದ ಕೆಲಸ. ನನ್ನಿಂದ ಆಗಲಿಲ್ಲ. ಡಬ್ಬಿಗೆ ಮುಚ್ಚಳ ಹಾಕಿದೆ.

ಖೂ ಅಂಕಲ್ ಬಂದ, ಓದಿದ, ಅಪ್ಪನ ಕಡೆ ತಿರುಗಿದ. "ಏನೋ ಇದು, ಹುವಾಟ್?"

"ಪೇಟೆಗೆ ಹೋಗಿದಾಳೆ ಕಣೋ. ಇನ್ನೇನು ಬಂದುಬಿಡ್ತಾಳೆ. ಇರು, ಕಾಫಿ ಕುಡ್ಕೊಂಡು ಹೋಗುವೆಯಂತೆ."

ಖೂ ಅಂಕಲ್ ಕಣ್ಣು ಒರೆಸಿಕೊಂಡ. ತಿಂಗಳೊಳಗೆ ಮನೆ ಖಾಲಿ ಮಾಡಲು ಹೇಳಿದವನೂ ಅವನೇ. ಅವನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು.

ಈಗ ಇಪೊ ಪಟ್ಟಣದಲ್ಲಿ ನಾಲ್ಕನೇ ಮಹಡಿಯ ಬಾಡಿಗೆ ಮನೆ. ಬಂದ ದಿನವೇ ಅಪ್ಪ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿ ಗಾಬರಿಯಾದ.

"ನಾವು ಇಲ್ಲಿಗೆ ಬಂದಿರೋದು ನಿಮ್ಮಮ್ಮಂಗೆ ಹೇಗೆ ಗೊತ್ತಾಗುತ್ತೆ?"

"ಹೇಳಿ ಬಂದಿದೀನಪ್ಪ" ಎಂದೆ.

ಅಂದಿನಿಂದ ಬಾಗಿಲಿಗೆ ಚಿಲಕ ಹಾಕಲು ಅಪ್ಪ ಬಿಡುವುದಿಲ್ಲ.