ಮೊದಲ ಹಸಿರು ನೌಕರ

ಕೊಡೆ ಕಾರ್ಖಾನೆಯ ಯಜಮಾನರಿಗೆ ಇದ್ದಕ್ಕಿದ್ದಂತೆ ಪರಿಸರದ ಮೇಲೆ ಪ್ರೀತಿ ಉಕ್ಕಿತು. ಕಚೇರಿಯಲ್ಲಿ ಕರೆಂಟು, ಕಾಗದ ಉಳಿಸುವವರಿಗೆ ಅಂಕ ಕೊಟ್ಟು, ತಿಂಗಳಿಗೊಬ್ಬ ‘ಹಸಿರು ನೌಕರ’ನನ್ನು ಆರಿಸಬೇಕು, ಆಗ ಎಲ್ಲರಿಗೂ ಹುರುಪು ಬರುತ್ತದೆ ಎಂದು ಸಿಬ್ಬಂದಿ ಅಧಿಕಾರಿಗೆ ಅಪ್ಪಣೆ ಮಾಡಿದರು. ಅಧಿಕಾರಿ ಹೇಳಿದ್ದಕ್ಕೆ ಎರಡರಷ್ಟು ಮಾಡುವ ಆಸಾಮಿ. ಕಾಗದ ಉಳಿಸುವ ಬಗ್ಗೆ ಮೂವತ್ತು ಪುಟದ ನಿಯಮಾವಳಿ ಬರೆದು, ತಲೆಗೊಂದರಂತೆ ನಲವತ್ತು ಪ್ರತಿ ಹಂಚಿದ.

ತಿಂಗಳ ಕೊನೆಗೆ ಅಂಕ ಕೂಡಿಸಿದವನು ನಂಬಲಾಗದೆ ಇನ್ನೊಮ್ಮೆ ಕೂಡಿಸಿ ನೋಡಿದ. ಮೊದಲ ಸ್ಥಾನ ಬಂದದ್ದು ರವಾನೆ ಗುಮಾಸ್ತನಿಗೆ. ಆತ ಒಂದನೇ ತಾರೀಖೇ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡು ತಿಂಗಳಿಡೀ ಮನೆಯಲ್ಲಿ ಮಲಗಿದ್ದ. ಕಚೇರಿಯ ಫ್ಯಾನು ಹಾಕಿರಲಿಲ್ಲ, ಒಂದು ಹಾಳೆ ಮುಟ್ಟಿರಲಿಲ್ಲ. ರಜೆಯಲ್ಲಿದ್ದವರನ್ನು ಬಿಡಬೇಕೆಂದು ಮೂವತ್ತು ಪುಟಗಳಲ್ಲಿ ಎಲ್ಲೂ ಬರೆದಿರಲಿಲ್ಲ. ಗುಮಾಸ್ತ ಊರುಗೋಲು ಹಿಡಿದು ಬಂದು ಬಹುಮಾನ ತೆಗೆದುಕೊಂಡ. ಎರಡು ಮಾತಾಡಿ ಎಂದಾಗ, “ನಾನೇನೂ ಮಾಡ್ಲಿಲ್ಲ, ನಿಜವಾಗ್ಲೂ,” ಎಂದು ಕೂತ.

ಮರುದಿನ ಹನ್ನೊಂದು ರಜೆ ಅರ್ಜಿ ಬಂದವು.

ಯಜಮಾನರು ಕರೆದು ಚೆನ್ನಾಗಿ ಬೆವರಿಳಿಸಿದರು. ಮುಖ ಸಣ್ಣದು ಮಾಡಿಕೊಂಡು ಹೊರಬಂದ ಅಧಿಕಾರಿಗೆ, ಊಟದ ಹೊತ್ತಿಗೆ ಖಾಲಿಯಾಗಿದ್ದ ಪಕ್ಕದ ಕೋಣೆಯಿಂದ ಟಕ್ ಟಕ್ ಸದ್ದು ಕೇಳಿತು. ಗುಡಿಸುವ ಅಕ್ಕ ಪೊರಕೆಯ ಹಿಡಿಯಿಂದ ಎತ್ತರದ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಆಕೆಗೆ ಮೇಜಿಲ್ಲ, ಹಾಗಾಗಿ ಅಂಕಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದ. ಹದಿನೆಂಟಾಯಿತು ಎಂದಳು. ಪರಿಸರದ ಮೇಲೆ ಇಷ್ಟೊಂದು ಕಾಳಜಿಯೇ ಎಂದ ಅಧಿಕಾರಿ.

“ಪರಿಸರ ಎಲ್ಲ ನಂಗೊತ್ತಿಲ್ಲ ಸಾರ್. ಫ್ಯಾನ್ ತಿರುಗ್ತಿದ್ರೆ ಗುಡಿಸಿದ್ದೆಲ್ಲ ಹಾರುತ್ತೆ.”

ಹಾಗಾದರೆ ಮಿಕ್ಕವರಿಗೆ ಈ ಬುದ್ಧಿ ಬರುವುದು ಹೇಗೆಂದು ಕೇಳಿದ.

“ಅವರೂ ಒಂದ್ವಾರ ಗುಡಿಸ್ಲಿ. ತಾನಾಗೇ ಬರುತ್ತೆ.”

ಅಧಿಕಾರಿ ಅಂಕ, ಬಹುಮಾನ ಎಲ್ಲ ಕೈಬಿಟ್ಟ. ಸೋಮವಾರದಿಂದ ಒಂದು ವಾರ ಅವರವರ ಕೋಣೆ ಅವರವರೇ ಗುಡಿಸಬೇಕೆಂದು ಬಾಯಲ್ಲೇ ಹೇಳಿದ. ಗೊಣಗಾಟ ಶುರುವಾಯಿತು. ಆದರೆ ಅಕ್ಕ ಯಜಮಾನರ ಬಾಗಿಲಿಗೂ ಒಂದು ಪೊರಕೆ ಒರಗಿಸಿಟ್ಟಿದ್ದಳು. ಅವರು ಅದನ್ನು ಕೈಗೆತ್ತಿಕೊಂಡ ಮೇಲೆ ಮಿಕ್ಕವರೂ ಪೊರಕೆ ಹಿಡಿದರು. ಬುಧವಾರದ ಹೊತ್ತಿಗೆ, ಊಟಕ್ಕೆ ಏಳುವ ಮುಂಚೆಯೇ ಫ್ಯಾನುಗಳೆಲ್ಲ ನಿಂತಿದ್ದವು. ಹರಿದೆಸೆದ ಚೂರುಗಳನ್ನು ತಾವೇ ಬಗ್ಗಿ ಹೆಕ್ಕಬೇಕಾದಾಗ ಜನ ಕಾಗದ ಹರಿಯುವುದನ್ನೂ ಬಿಟ್ಟರು.

ಶುಕ್ರವಾರ ಅಧಿಕಾರಿ ತನ್ನ ಕೋಣೆ ಗುಡಿಸಿ ಸೊಂಟ ಹಿಡಿದುಕೊಂಡು ನಿಂತಿದ್ದ. ಅಕ್ಕ ಅವನ ಕುರ್ಚಿಯಲ್ಲಿ ಕೂತು ಚಹಾ ಹೀರುತ್ತ, ಮೂಲೆಯ ಕಡೆ ಗಲ್ಲ ತೋರಿಸಿದಳು.

“ಆ ಬೀರು ಕೆಳಗೆ ಬಿಟ್ಟೋಯ್ತು ಸಾರ್.”