ಪುಟ್ ಅಪ್ ವಿತ್ ಅಂದರೆ

ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರಿಗೆ ಎರಡು ಹೆಮ್ಮೆ. ಒಂದು ತಮ್ಮ ಉಚ್ಚಾರಣೆ. ಇನ್ನೊಂದು, ತಮ್ಮ ಕ್ಲಾಸಿನಲ್ಲಿ ಯಾರೂ ಆಕಳಿಸುವುದಿಲ್ಲ ಎನ್ನುವುದು. ಆಕಳಿಸಲು ಅವರ ತಮಾಷೆಗಳು ಬಿಡುತ್ತಿರಲಿಲ್ಲ. ಆ ತಮಾಷೆಗಳಿಗೆ ಸರಕು ಸಿಗುತ್ತಿದ್ದದ್ದು ಮನೆಯಲ್ಲಿ, ಹೆಂಡತಿಯಿಂದ. ಒಮ್ಮೆ ಬ್ಯಾಂಕಿನವರು ಫೋನ್ ಮಾಡಿದಾಗ ಅವಳು, ಪಕ್ಕದಲ್ಲೇ ಕೂತಿದ್ದ ಮೇಷ್ಟ್ರ ಸನ್ನೆಯಂತೆ ಗಂಡ ಹೊರಗೆ ಹೋಗಿದ್ದಾರೆ ಎನ್ನಲು ಹೋಗಿ, 'ಮೈ ಹಸ್ಬೆಂಡ್ ಈಸ್ ಔಟ್ ಆಫ್ ಆರ್ಡರ್' ಎಂದಿದ್ದಳು. ಅಂದರೆ ಗಂಡ ಕೆಟ್ಟು ನಿಂತಿದ್ದಾನೆ ಎಂದು. ಅದನ್ನು ಮೇಷ್ಟ್ರು ಪ್ರತಿ ಬ್ಯಾಚಿಗೂ ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು. ಎದುರಿಗಿಲ್ಲದವಳನ್ನು ಆಡಿಕೊಂಡು ನಗುವುದು ಬಲು ಸುಲಭ.

ಈಗ ಒಂದು ವಾರದಿಂದ ಅವಳೇ ಬಂದು ಕಿಟಕಿ ಪಕ್ಕದ ಕೊನೆ ಬೆಂಚಿನಲ್ಲಿ ಕೂರುತ್ತಿದ್ದಳು. ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಷನಿಸ್ಟ್ ಕೆಲಸ ಖಾಲಿ ಇತ್ತು. ನಾಳೆಯೇ ಅದರ ಇಂಟರ್‌ವ್ಯೂ, ಅದೂ ಇಂಗ್ಲಿಷಿನಲ್ಲಿ. ಮದುವೆಯಾದ ಮೇಲೆ ಅವಳು ತನಗೇ ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕ್ಲಾಸಿಗೆ ಬರುತ್ತೇನೆ ಅಂದಾಗ ಮೇಷ್ಟ್ರು, "ಬಾ. ಆದ್ರೆ ಅಲ್ಲಿ ನಾನು ಗಂಡ ಅಲ್ಲ, ಸರ್" ಎಂದಿದ್ದರು.

ಅವಳು ಬಂದ ಮೊದಲ ದಿನವೇ, ಕ್ಲಾಸಿಗೆ ಬರುತ್ತಿದ್ದ ಟೈಲರ್ ಒಬ್ಬ ಕೇಳಿದ್ದ: "ಸರ್, ಔಟ್ ಆಫ್ ಆರ್ಡರ್ ಮೇಡಂ ಇವ್ರೇನಾ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ಅಂದಿನಿಂದ ಅವಳು ಅಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಪಾಠ ಇವಳ ತಲೆಗೆ ಹತ್ತುತ್ತಿಲ್ಲ ಎಂದುಕೊಂಡರು ಮೇಷ್ಟ್ರು, ಮಹಾ ಬುದ್ಧಿವಂತರು.

ಇವತ್ತು ಬೋರ್ಡಿನ ಮೇಲೆ 'ಪುಟ್ ಅಪ್ ವಿತ್' ಇತ್ತು.

"ಇಷ್ಟ ಇಲ್ಲದ್ದನ್ನ ಜಗಳ ಆಡದೆ ಸಹಿಸ್ಕೊಂಡಿರೋದು. ಮೂರು ಪದಾನೂ ಒಟ್ಟಿಗಿರ್ಬೇಕು. ಆಮೇಲೆ ಯಾರನ್ನ, ಯಾವುದನ್ನ ಅಂತ ಹೇಳ್ಬೇಕು. ಎಲ್ಲಿ, ಒಬ್ಬೊಬ್ರೇ ವಾಕ್ಯ ಮಾಡಿ."

ಮುಂದಿನ ಬೆಂಚಿನ ನರ್ಸು ತನ್ನ ವಾಕ್ಯದಲ್ಲಿ ವಾರ್ಡಿನ ವಾಸನೆಯನ್ನು ಸಹಿಸಿದಳು. ಟೈಲರು, ಅಳತೆ ಕೊಡದೆ ತಪ್ಪು ಹುಡುಕುವ ಗಿರಾಕಿಗಳನ್ನು ಸಹಿಸಿದ. ಎಲ್ಲರಿಗೂ ಮೇಷ್ಟ್ರು 'ಗುಡ್' ಎಂದರು.

"ಈಗ ನಮ್ಮ ಮೇಡಂ," ಎಂದು ಕೊನೆ ಬೆಂಚಿನತ್ತ ತಿರುಗಿದರು. "ಅತ್ತೆ ವಿಷಯ ಮಾತ್ರ ಬೇಡಮ್ಮಾ, ನಮ್ಮಮ್ಮನ ಕಿವಿ ಬಹಳ ಚುರುಕು."

ಮತ್ತೆ ನಗು. ಅವಳು ಎದ್ದು ನಿಂತಳು.

"ಒಂದು ಡೌಟು ಸರ್. ನಾವು ಸಹಿಸ್ಕೊಳ್ತಿದ್ದೀವಿ ಅಂತ ಎದುರಿನವ್ರಿಗೆ ಗೊತ್ತಿರ್ಬೇಕಾ?"

"ಏನೂ ಬೇಕಿಲ್ಲ. ಎಷ್ಟೋ ಸಲ ಅವ್ರಿಗೆ ಗೊತ್ತೇ ಇರಲ್ಲ."

"ಅವ್ರು ಅದನ್ನ ತಮಾಷೆ ಅಂದ್ಕೊಂಡಿದ್ರೆ? ಆಗ್ಲೂ ಈ ಮಾತು ಹಾಕ್ಬಹುದಾ?"

"ಹಾಕ್... ಹಾಕ್ಬಹುದು," ಎಂದರು ಮೇಷ್ಟ್ರು.

"ಹಾಗಾದ್ರೆ ನನ್ನ ವಾಕ್ಯ ಸರಿ ಇದೆ ಸರ್," ಎಂದು ಕೂತಳು. ವಾಕ್ಯವನ್ನು ಮಾತ್ರ ಹೇಳಲಿಲ್ಲ.

ಯಾರೂ ನಗಲಿಲ್ಲ. ಟೈಲರು ತನ್ನ ಉಗುರು ನೋಡಿಕೊಳ್ಳತೊಡಗಿದ. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಅವಳ ತಪ್ಪುಗಳನ್ನು ಮಾರಿಕೊಂಡೇ ತಾನು ಜನರ ಕೈಲಿ ಭೇಷ್ ಅನ್ನಿಸಿಕೊಂಡದ್ದು. ಇದ್ದವರಿಗೆಲ್ಲ ಅದು ಗೊತ್ತಾಗಿತ್ತು, ತನಗೇ ಕಡೆಗೆ. ತಲೆನೋವು ಎಂದು ನೆಪ ಹೇಳಿ ಕ್ಲಾಸು ಬೇಗ ಬಿಟ್ಟರು.

ಕೆಳಗೆ ಅವಳು ಸ್ಕೂಟರಿನ ಪಕ್ಕ ಕಾಯುತ್ತಿದ್ದಳು. ತಪ್ಪಾಯಿತು ಅನ್ನಲು ನಾಲಿಗೆ ಏಳದೆ ಮೇಷ್ಟ್ರು ಸುತ್ತಿ ಬಳಸಿ ಬಂದರು: "ನಾಳೆ ಇಂಟರ್‌ವ್ಯೂಗೆ ನಾನೂ ಬರ್ತೀನಿ. ಹೊರಗಡೆ ಕೂತಿರ್ತೀನಿ ಅಷ್ಟೆ. ನಿಂಗೊಂದು ಧೈರ್ಯ."

"ಬೇಡ ರೀ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಮನೇಲಿ ಒಬ್ಳೇ ಇದ್ದಾಗ ನಂಗೆ ಎಲ್ಲಾ ಸರಿಯಾಗೇ ಬರುತ್ತೆ. ನೀವಿದ್ರೆ ಮಾತ್ರ ತಪ್ಪಾಗೋದು."