ಓರೆ ಹಿಡಿದ ಕನ್ನಡಿ

ಪಾರ್ಲರಿನಲ್ಲಿ ಕೂದಲು ಕತ್ತರಿಸಿ ಮುಗಿದ ಮೇಲೂ ಒಂದು ಶಾಸ್ತ್ರ ಉಳಿದಿರುತ್ತದೆ. ಕೈಗನ್ನಡಿಯನ್ನು ಗಿರಾಕಿಯ ತಲೆಯ ಹಿಂದೆ ಹಿಡಿದು, ಎದುರಿನ ದೊಡ್ಡ ಕನ್ನಡಿಯಲ್ಲಿ ಹಿಂಭಾಗ ಕಾಣುವಂತೆ ತೋರಿಸಬೇಕು. ಗಿರಾಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಏನೂ ಗೊತ್ತಾಗದಿದ್ದರೂ "ಹ್ಞೂಂ, ಚೆನ್ನಾಗಿದೆ" ಅನ್ನಬೇಕು. ಇಪ್ಪತ್ತೆರಡು ವರ್ಷ ಈ ಕನ್ನಡಿ ಹಿಡಿದ ಹೆಂಗಸಿಗೆ ಬೀದಿಯವರು ಕತ್ತರಿ ಎಂದು ಹೆಸರಿಟ್ಟಿದ್ದರು. ಅರ್ಧ ಅವಳ ಕೆಲಸ ನೋಡಿ, ಅರ್ಧ ಅವಳ ನಾಲಿಗೆ ನೋಡಿ. ಅವಳೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಹೆಸರಿಟ್ಟವರ ತಲೆಗಳೆಲ್ಲ ಅವಳ ಕೈಯಲ್ಲೇ ಇದ್ದವಲ್ಲ.

ಆ ಕತ್ತರಿ ಒಂದು ಶನಿವಾರ ಒಡಹುಟ್ಟಿದ ಅಕ್ಕನ ತಲೆಯ ಹಿಂದೆ ಕನ್ನಡಿಯನ್ನು ಓರೆಯಾಗಿ ಹಿಡಿದಳು. ಬೇಕೆಂದೇ ಹಿಡಿದಳು. ಅಕ್ಕನ ನೆತ್ತಿಯಿಂದ ನಾಲ್ಕು ಬೆರಳು ಹಿಂದಕ್ಕೆ, ಅಂಗಿಯ ಗುಂಡಿಯಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

ಇಂಥದ್ದನ್ನು ಕತ್ತರಿ ಎಷ್ಟು ಕಂಡಿದ್ದಳೋ! ಪರೀಕ್ಷೆಗೆ ಓದುವ ಹುಡುಗಿಯರಲ್ಲಿ, ಬಾಣಂತಿಯರಲ್ಲಿ, ಮೇಲಧಿಕಾರಿಯ ಕಾಟ ತಿಂದವರಲ್ಲಿ. ನಾಲ್ಕೈದು ತಿಂಗಳಲ್ಲಿ ಮರಿಗೂದಲು ಮೂಡಿ ತಾನಾಗಿ ಮುಚ್ಚಿಹೋಗುತ್ತಿತ್ತು. ಇದೂ ಅದೇ ಎಂದುಕೊಂಡಳು. ಕೆಲಸ ಕಲಿಸಿದ ಹಿರಿಯಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದ ಮಾತೂ ಇತ್ತು: ಕುರ್ಚಿಯಿಂದ ಏಳುವವಳು ಕೂತಾಗ ಇದ್ದುದಕ್ಕಿಂತ ಖುಷಿಯಾಗಿ ಏಳಬೇಕು. ಸರಿ, ಪಕ್ಕದ ಕೂದಲನ್ನು ಅದರ ಮೇಲೆ ಎಳೆದು ಬಾಚಿದಳು, ಕನ್ನಡಿಯನ್ನು ಒಂಚೂರು ತಿರುಗಿಸಿದಳು. ಅಕ್ಕ "ಚೆನ್ನಾಗಿದೆ ಕಣೇ" ಎಂದು ಚೀಲ ಹೆಗಲಿಗೇರಿಸಿ ಹೊರಟಳು.

ಅಕ್ಕ ಶಾಲೆಯಲ್ಲಿ ಗಣಿತದ ಟೀಚರ್. ದಿನವಿಡೀ ಮುಖ ಕಪ್ಪು ಹಲಗೆಗೆ, ಬೆನ್ನು ನಲವತ್ತು ಮಕ್ಕಳಿಗೆ. ಅಮ್ಮನಿಂದ ಅವಳಿಗೆ ಬಂದದ್ದು ಎರಡೇ ಆಸ್ತಿ, ಮಂಡಿನೋವು ಮತ್ತು ದಟ್ಟ ಕೂದಲು. ಮೊದಲನೆಯದಕ್ಕೆ ದಿನಾ ಬೈಯುತ್ತಿದ್ದಳು, ಎರಡನೆಯದನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದಳು. ಕತ್ತರಿಗೆ ಬಂದದ್ದು ಅಪ್ಪನ ಕೂದಲು, ಅಂದರೆ ಬರಲೇ ಇಲ್ಲ ಎಂದರೂ ನಡೆಯುತ್ತದೆ. ಚಿಕ್ಕಂದಿನಿಂದ ಅವಳು ಬಾಚಿ, ಹೆಣೆದು, ಕಟ್ಟಿ ಕಲಿತದ್ದೆಲ್ಲ ಅಕ್ಕನ ತಲೆಯ ಮೇಲೆಯೇ. ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಕ್ಕ ಪಾರ್ಲರಿಗೆ ಬರುವುದು, ತಲೆ ತೊಳೆಸಿಕೊಳ್ಳುವುದು, ಸಹಶಿಕ್ಷಕಿಯರನ್ನೆಲ್ಲ ಒಬ್ಬೊಬ್ಬರಾಗಿ ಆಡಿಕೊಳ್ಳುವುದು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದು ನಡೆದುಬಂದಿತ್ತು.

ಗುಂಡಿ ಗುಂಡಿಯಾಗಿಯೇ ಉಳಿಯಲಿಲ್ಲ. ಎರಡು ತಿಂಗಳಿಗೆ ಬಾಟಲಿಯ ಮುಚ್ಚಳದಷ್ಟಾಯಿತು. ಅದು ಹಿಗ್ಗಿದಂತೆ ಕನ್ನಡಿಯೂ ಇನ್ನಷ್ಟು ಓರೆಯಾಯಿತು. "ಹಿಂದೆ ಒಂಥರಾ ಉರಿ ಕಣೇ" ಎಂದು ಅಕ್ಕ ಹೇಳಿದಾಗ ಕತ್ತರಿ "ಶಾಂಪೂ ಬದಲಾಯಿಸು" ಅಂದಳು. ಇನ್ನೊಂದು ವಾರ ಕಾಯೋಣ, ಮರಿಗೂದಲು ಬಂದೇ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ವಾರ, ಇನ್ನೊಂದು ವಾರ ಎನ್ನುತ್ತಲೇ ಆರು ತಿಂಗಳು ಕಳೆಯಿತು.

ಆರನೇ ತಿಂಗಳಲ್ಲಿ ಒಂದು ದಿನ ಅಕ್ಕ ಹಲಗೆಯ ಮೇಲೆ ವೃತ್ತ ಬರೆಯುತ್ತಿದ್ದಾಗ ಫ್ಯಾನಿನ ಗಾಳಿಗೆ ಕೂದಲು ಸರಿಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ, "ಮಿಸ್, ನಿಮ್ಮ ತಲೆಯಲ್ಲೂ ಒಂದು ವೃತ್ತ ಇದೆ" ಅಂದಳು. ಪಾಪ, ಮಗು ಗೇಲಿ ಮಾಡಿದ್ದಲ್ಲ, ಉದಾಹರಣೆ ಕೊಟ್ಟದ್ದು. ಅಕ್ಕ ಶಾಲೆ ಬಿಟ್ಟವಳೇ ಸೀದಾ ಪಾರ್ಲರಿಗೆ ಬಂದಳು.

"ನನ್ನ ತಲೆ ಹಿಂದೆ ಏನಿದೆ? ನಿಜ ಹೇಳು."

ನಿಜ ಹೇಳುವ ಹೊತ್ತು ತಾನಾಗಿ ಬಾಗಿಲಿಗೆ ಬಂದು ನಿಂತಿತ್ತು. ಕತ್ತರಿಗೆ ಭಯವಾಯಿತು. ಆರು ತಿಂಗಳ ಭಯ ಒಟ್ಟಿಗೆ ಬಂತು.

"ಸಣ್ಣದೊಂದು ಕಾಣ್ತಿದೆ ಅಕ್ಕ. ಈಗೀಗ ಬಂದಿರೋದು. ಹೋದ ವಾರ ಇರ್ಲಿಲ್ಲ."

ಆ ಸಂಜೆ ಅಕ್ಕನ ಮನೆಯಲ್ಲಿ ಸಭೆ ಸೇರಿತು. ಸಭೆ ಎಂದರೆ ಮೂರು ಜನ: ಅಕ್ಕ, ಕತ್ತರಿ, ಭಾವ. ಭಾವನದು ಔಷಧಿ ಅಂಗಡಿ. ಅವನ ಅಂಗಡಿಯ ಮೂರನೇ ಷೆಲ್ಫ್ ದಾಟಿ ಹೋಗುವ ಕಾಯಿಲೆ ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಅವನ ನಂಬಿಕೆ. ಹೆಂಡತಿಯ ತಲೆಯನ್ನು ಸರಿಯಾಗಿ ನೋಡುವ ಮೊದಲೇ ಎರಡು ಬಾಟಲಿ ತಂದಿಟ್ಟಿದ್ದ. ಜೊತೆಗೆ ಬಸ್ ನಿಲ್ದಾಣದ ಹತ್ತಿರದ ಹೇರ್ ಕ್ಲಿನಿಕ್ಕಿನ ಕರಪತ್ರ ಬೇರೆ: ಎಡಗಡೆ ಬೋಳುತಲೆ, ಬಲಗಡೆ ಕಾಡಿನಂಥ ಕೂದಲು.

"ಹನ್ನೆರಡು ಸಲ ಮಷಿನ್ ಹಿಡಿದ್ರೆ ಆಯ್ತಂತೆ," ಅಂದ ಭಾವ.

ಕತ್ತರಿ ಕರಪತ್ರವನ್ನು ದೀಪದ ಹತ್ತಿರ ಹಿಡಿದಳು. "ಭಾವ, ಕಿವಿ ನೋಡಿ. ಇವನಿಗೆ ಕಿವಿಯ ತುದಿ ಕೆನ್ನೆಗೆ ಅಂಟಿಕೊಂಡಿದೆ, ಅವನಿಗೆ ಜೋತುಬಿದ್ದಿದೆ. ಕೂದಲು ಬಂತು ಸರಿ, ಕಿವಿನೂ ಹೊಸದು ಬಂತಾ?"

ಅಕ್ಕ ಅಷ್ಟು ಚಿಂತೆಯಲ್ಲೂ ನಕ್ಕುಬಿಟ್ಟಳು. ಭಾವ ಮುಖ ಸಣ್ಣದು ಮಾಡಿಕೊಂಡು, "ಹಾಗಾದ್ರೆ ನಮ್ಮ ಡಾಕ್ಟರಿಗೇ ತೋರಿಸೋಣ" ಅಂದ. ನಮ್ಮ ಡಾಕ್ಟರು ಎಂದರೆ ಅವನ ಅಂಗಡಿಯ ಎದುರು ಕೂತು ನೆಗಡಿ, ಜ್ವರ, ಹೊಟ್ಟೆನೋವು ನೋಡುವವರು. ಸಭೆ ಒಪ್ಪಿತು.

ಡಾಕ್ಟರ ಹತ್ತಿರ ಹೋಗುವ ದಿನ ಬೆಳಿಗ್ಗೆ ಅಕ್ಕ ಮೊದಲು ಪಾರ್ಲರಿಗೆ ಬಂದಳು. "ನೀಟಾಗಿ ಮಾಡಿಕೊಡೇ. ಅವರ ಎದುರು ಕೆದರಿದ ತಲೆ ಇಟ್ಕೊಂಡು ಕೂರೋಕಾಗುತ್ತಾ?"

ಇದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ, ಈ ಅಕ್ಕತಂಗಿಯರೇ ಮಾಡಬೇಕು. ಕತ್ತರಿ ಕೂದಲ ಬಣ್ಣದ ಪುಡಿಯನ್ನು ಬೋಳಾದ ಜಾಗಕ್ಕೆ ಉದುರಿಸಿದಳು, ಅದು ಅಲ್ಲಾಡದಂತೆ ಸ್ಪ್ರೇ ಹೊಡೆದಳು, ಮೇಲೆ ಕೂದಲು ಎಳೆದು, ಹನ್ನೊಂದು ಪಿನ್ನು ಸಿಕ್ಕಿಸಿ, ಹಿಂದೆ ಒಂದು ತುರುಬು ಕಟ್ಟಿದಳು. ಅವಳು ಜನ್ಮದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅದು. ಡಾಕ್ಟರು ಮೇಜಿನ ಆಚೆಯಿಂದಲೇ ಕತ್ತು ನೀಡಿ ನೋಡಿ, "ಎಲ್ಲಮ್ಮಾ? ದಟ್ಟವಾಗೇ ಇದೆಯಲ್ಲ! ಟೆನ್ಷನ್ ಕಡಿಮೆ ಮಾಡಿ" ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ತುರುಬು ಬಿಚ್ಚಿ ತೋರಿಸಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ಯಾರು ಬಿಚ್ಚುತ್ತಾರೆ? ಮಾತ್ರೆ ಎರಡು ತಿಂಗಳು ನಡೆಯಿತು.

ಎಂಟನೇ ತಿಂಗಳ ಒಂದು ಶನಿವಾರ ತಲೆ ತೊಳೆಯುವಾಗ ನೀರಿನೊಂದಿಗೆ ಪುಡಿಯೆಲ್ಲ ಇಳಿದುಹೋಯಿತು. ಕತ್ತರಿ ಬೇಸಿನ್ನಿನ ಮೇಲಿನ ದೀಪ ಹಾಕಿ ಬಗ್ಗಿ ನೋಡಿದಳು. ಜಾಗ ಅಂಗೈ ಅಗಲವಾಗಿತ್ತು. ಅಂಚಿನ ಕೂದಲ ಬುಡಗಳು ಕೆಂಪಗೆ ಊದಿಕೊಂಡಿದ್ದವು. ನಡುವೆ, ಆ ನುಣುಪಿನಲ್ಲಿ, ಕೂದಲು ಹುಟ್ಟುವ ಸಣ್ಣ ರಂಧ್ರಗಳೇ ಇರಲಿಲ್ಲ. ಮತ್ತೆ ಬೆಳೆಯುವ ತಲೆಗಳಲ್ಲಿ ಆ ರಂಧ್ರಗಳು ಇದ್ದೇ ಇರುತ್ತವೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಅದನ್ನು ನೋಡಿಯೇ ಇದ್ದಳು, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳ ಕೈ ನಿಂತಿತು. ನೀರು ಸುಮ್ಮನೆ ಹರಿಯುತ್ತಿತ್ತು.

"ಏನೇ, ನಿದ್ದೆ ಬಂತಾ?" ಅಂದಳು ಅಕ್ಕ ಕಣ್ಣು ಮುಚ್ಚಿಕೊಂಡೇ.

"ಅಕ್ಕಾ, ಇದು ನನ್ನ ಕೆಲಸ ಅಲ್ಲ. ಭಾವನದ್ದೂ ಅಲ್ಲ. ಚರ್ಮದ ಡಾಕ್ಟರ್ ಹತ್ರ ಹೋಗೋಣ. ನಾನೂ ಬರ್ತೀನಿ."

"ಡಾಕ್ಟರಿಗೆ ತೋರಿಸಿ ಆಯ್ತಲ್ಲೇ?"

"ಎಲ್ಲಿ ತೋರಿಸಿದ್ವಿ? ನಾನು ಮುಚ್ಚಿ ಕಳಿಸಿದ್ದೆ. ನಾಳಿದ್ದು ಪುಡಿ ಇಲ್ಲ, ಪಿನ್ನಿಲ್ಲ. ಸ್ಕಾರ್ಫ್ ಕಟ್ಕೊಂಡು ಬಾ."

ಚರ್ಮದ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಅಕ್ಕನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ದೀಪವಿದ್ದ ಚಿಕ್ಕ ಭೂತಗನ್ನಡಿಯನ್ನು ತಲೆಗೆ ತಾಗಿಸಿ, ಅಂಚಿನ ಸುತ್ತ ಒಂದೊಂದೇ ಕೂದಲು ನೋಡುತ್ತಾ ಹೋದರು. ಹತ್ತು ನಿಮಿಷವಾದರೂ ಭೂತಗನ್ನಡಿ ಕೆಳಗಿಡಲಿಲ್ಲ. ಇಷ್ಟು ಹೊತ್ತು ತಲೆಯನ್ನು ಹೀಗೆ ನೋಡುವವರನ್ನು ಕತ್ತರಿ ತನ್ನನ್ನು ಬಿಟ್ಟರೆ ಇವರನ್ನೇ ಕಂಡದ್ದು. ತಾನು ಇದೇ ಕಣ್ಣಲ್ಲಿ ನೋಡಿ ಏನು ಮಾಡಿದೆ ಎಂದು ನೆನಪಾಗಿ ನಾಚಿಕೆಯಾಯಿತು.

"ಎಷ್ಟು ದಿನ ಆಯ್ತು ಶುರುವಾಗಿ?"

"ಎರಡು ತಿಂಗಳು," ಅಂದಳು ಅಕ್ಕ.

ಡಾಕ್ಟರ ಹುಬ್ಬು ಗಂಟಿಕ್ಕಿತು. "ಎರಡೇ ತಿಂಗಳಲ್ಲಿ ಇಷ್ಟಗಲ? ಹಾಗಿದ್ರೆ ತುಂಬಾ ಜೋರಾಗಿ ಹರಡ್ತಿದೆ ಅಂತ ಆಯ್ತು. ಔಷಧಿನೂ ಅಷ್ಟೇ ಜೋರಿಂದು ಕೊಡ್ಬೇಕಾಗುತ್ತೆ. ಅದು ಮೈಗೆ ಅಷ್ಟು ಒಳ್ಳೇದಲ್ಲ. ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಎರಡೇ ತಿಂಗಳು. ನಂಗೆ ಚೆನ್ನಾಗಿ ನೆನಪಿದೆ. ಬೇಕಾದ್ರೆ ನನ್ನ ತಂಗಿನ ಕೇಳಿ, ಅವಳೇ ಮೊದಲು ನೋಡಿದ್ದು."

ಡಾಕ್ಟರು ಕತ್ತರಿಯ ಕಡೆ ತಿರುಗಿದರು. ಹೇಳಿದರೆ ಅಕ್ಕ ದೂರವಾಗುತ್ತಾಳೆ. ಹೇಳದಿದ್ದರೆ ಬೇಡದ ಔಷಧಿ ಅಕ್ಕನ ಮೈಗೆ ಹೋಗುತ್ತದೆ.

"ಎಂಟು ತಿಂಗಳು," ಅಂದಳು. "ಮೊದಲು ಗುಂಡಿಯಷ್ಟಿತ್ತು. ನಾನು ನೋಡಿದ್ದೆ. ಅವಳಿಗೆ ಕಾಣದ ಹಾಗೆ ಕನ್ನಡಿ ಹಿಡೀತಿದ್ದೆ."

ಡಾಕ್ಟರು ಬರೆದುಕೊಂಡರು. ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಈ ಕಾಯಿಲೆಯಲ್ಲಿ ಕೂದಲ ಬುಡವೇ ಸತ್ತು ಕಲೆಯಾಗುತ್ತದೆ, ಹೋದ ಜಾಗದಲ್ಲಿ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು ಎಂದು ಸಾವಧಾನವಾಗಿ ಬಿಡಿಸಿ ಹೇಳಿದರು. ಅಕ್ಕ ಎಲ್ಲ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಎಂಟು ತಿಂಗಳ ಹಿಂದೆ ಬಂದಿದ್ರೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಗುಂಡಿಯಷ್ಟರಲ್ಲೇ ನಿಲ್ಲಿಸಬಹುದಿತ್ತೇನೋ."

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು, ಪಕ್ಕದ ಸೀಟಿನಲ್ಲಿ ಚೀಲ ಇಟ್ಟಳು. ಕತ್ತರಿ ನಿಂತೇ ಬಂದಳು.

ಮೂರು ಶನಿವಾರ ಅಕ್ಕನ ಕುರ್ಚಿ ಖಾಲಿ ಉಳಿಯಿತು. ಪರೀಕ್ಷೆಯ ಫಲಿತಾಂಶ ಡಾಕ್ಟರು ಹೇಳಿದಂತೆಯೇ ಬಂತೆಂದು, ಹೊಲಿಗೆ ಬಿಚ್ಚಿದರೆಂದು, ಉರಿ ಕಡಿಮೆಯಾಗಿದೆಯೆಂದು ಭಾವ ಫೋನಿನಲ್ಲಿ ತಿಳಿಸಿದ. "ಅಕ್ಕ ಏನಾದ್ರೂ ಅಂದ್ಲಾ?" ಎಂದು ಕೇಳಿದರೆ, "ಗಿರಾಕಿ ಬಂದ್ರು, ಇಡ್ತೀನಿ" ಅಂದ. ಕತ್ತರಿ ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಲಿಲ್ಲ. ಯಾಕೆ ಎಂದು ಕೇಳಿದವರಿಗೆ ಕಾಲು ಅಲ್ಲಾಡುತ್ತದೆ ಎಂದಳು.

ನಾಲ್ಕನೇ ಶನಿವಾರ ಅಕ್ಕ ಬಂದಳು. ತನ್ನ ಕುರ್ಚಿಯಲ್ಲಿ ಕೂತಳು, ಸ್ಕಾರ್ಫ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಕತ್ತರಿ ಬಟ್ಟೆ ಹೊದಿಸಿ, ತಲೆ ತೊಳೆದು, ತುದಿ ಕತ್ತರಿಸಿ, ಒಣಗಿಸಿದಳು. ಸಹಶಿಕ್ಷಕಿಯರು ಯಾರೂ ಆ ದಿನ ಮಾತಿಗೆ ಬರಲಿಲ್ಲ.

"ಪುಡಿ ಹಾಕ್ಲಾ?"

"ಬೇಡ."

ಕತ್ತರಿ ಮೊಳೆಯಿಂದ ಕೈಗನ್ನಡಿ ತೆಗೆದುಕೊಂಡು ಹಿಂದೆ ನಿಂತಳು. ಅಕ್ಕ ಬಟ್ಟೆಯ ಕೆಳಗಿನಿಂದ ಕೈ ಹೊರಗೆ ಚಾಚಿದಳು. "ಇಲ್ಲಿ ಕೊಡು."

ಕುರ್ಚಿ ತಿರುಗಿಸಿಕೊಂಡು, ದೊಡ್ಡ ಕನ್ನಡಿಗೆ ಬೆನ್ನು ಹಾಕಿ, ಕೈಗನ್ನಡಿಯನ್ನು ಮುಖದೆದುರು ಹಿಡಿದಳು. ಮೊದಲ ಬಾರಿಗೆ ಪೂರ್ತಿ ನೋಡಿದಳು, ಬಹಳ ಹೊತ್ತು ನೋಡಿದಳು.

"ಗುಂಡಿಯಷ್ಟಿತ್ತು ಅಂದ್ಯಲ್ಲ. ಯಾವ ಗುಂಡಿ?"

ಕತ್ತರಿ ತಾನು ತೊಟ್ಟ ಕೆಲಸದ ಕೋಟಿನ ಎದೆಯ ಮೇಲಿನ ಗುಂಡಿ ಮುಟ್ಟಿ ತೋರಿಸಿದಳು. ಅಕ್ಕ ಕೈ ನೀಡಿ ಅದರ ಮೇಲೆ ಹೆಬ್ಬೆರಳಿಟ್ಟಳು. ಗುಂಡಿ ಬೆರಳಿನಡಿ ಪೂರ್ತಿ ಮುಚ್ಚಿಹೋಯಿತು. ಕತ್ತರಿಯ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಅವಳು ಕೈ ಎತ್ತಲಿಲ್ಲ.

ಅಕ್ಕ ಎದ್ದು ಸ್ಕಾರ್ಫನ್ನು ಚೀಲಕ್ಕೆ ತುರುಕಿದಳು, ತಲೆಗೆ ಕಟ್ಟಿಕೊಳ್ಳಲಿಲ್ಲ. ಬಾಗಿಲ ಹತ್ತಿರ ನಿಂತು ತಿರುಗಿದಳು.

"ಬರೋ ಶನಿವಾರ ಇದೇ ಹೊತ್ತಿಗೆ ಬರ್ತೀನಿ," ಅಂದಳು. "ಕನ್ನಡಿ ನಾನೇ ತರ್ತೀನಿ."